ಮಗುವಿನೊಡನೆ ಪಯಣ, ಮನೆಯಲ್ಲೊಂದು ಕೈತೋಟ



ಪೀಣ್ಯ ಕೈಗಾರಿಕಾ ಪ್ರದೇಶದ ಸಮೀಪ ವಾಸವಾಗಿರುವ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಪತಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮಗುವಿಗೆ ಎರಡು ವರ್ಷ ತುಂಬಲು ಇನ್ನೆರಡು ತಿಂಗಳಿವೆ. ವಾರದ ರಜೆಯಂದು ಮಗುವನ್ನು ಎತ್ತಿಕೊಂಡು ಪೇಟೆ ನೋಡಲು ಹೊರಟರೆ ಅರ್ಧ ದಾರಿಯಲ್ಲಿಯೇ ಅಳು ಆರಂಭವಾಗುತ್ತದೆ. ಪಂಚಮಿಗೋ ದೀಪಾವಳಿಗೋ ಹಾವೇರಿ ಕಡೆಯ ತವರಿಗೆ ಹೋಗಿ ಹತ್ತು ದಿನ ಕಳೆದು ಬರುವಷ್ಟರಲ್ಲಿ ಬಾಲ್ಕನಿಯ ಗಿಡಗಳೆಲ್ಲ ಒಣಗಿ ನಿಂತಿರುತ್ತವೆ. "ಹೀಗಿರುವಾಗ ತಿರುಗಾಟವನ್ನು ಬಿಡಬೇಕೇ, ತೋಟವನ್ನು ಬಿಡಬೇಕೇ?" ಎಂಬುದು ಆ ತಾಯಿಯ ಪ್ರಶ್ನೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬಹುಮಹಡಿ ಮನೆಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ಪ್ರಶ್ನೆಯೂ ಇದೇ ಆಗಿರುವುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಡಲಾಗಿದೆ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು: ಎರಡನ್ನೂ ಬಿಡಬೇಕಾಗಿಲ್ಲ. ಎಳೆಯ ಮಗುವಿಗೆ ಸಹನೆಯ ಒಂದು ಮಿತಿಯಿದೆ. ಕುಂಡದ ಗಿಡಕ್ಕೆ ಬಾಯಾರಿಕೆಯ ಒಂದು ಮಿತಿಯಿದೆ. ಎರಡೂ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಲಾರವು. ಮಗು ಅತ್ತು ತಿಳಿಸುತ್ತದೆ, ಗಿಡ ಬಾಡಿ ತಿಳಿಸುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಿರಿಯರು ಈ ಮಿತಿಗಳನ್ನು ಮುಂಚಿತವಾಗಿ ಅರಿತು ಪಯಣವನ್ನು ಅವುಗಳೊಳಗೆ ಹೊಂದಿಸಿಕೊಂಡರೆ ತಿರುಗಾಟವೂ ಸುಖಕರ, ತೋಟವೂ ಸುರಕ್ಷಿತ.

ಬೇಸಾಯದ ನೆಲ

ನಾವಿಂದು ಗಾಜಿನ ಕಟ್ಟಡಗಳನ್ನು ಕಾಣುವ ಈ ಹೊರವಲಯವು ಹಿಂದೆ ಬೇಸಾಯದ ನೆಲವೇ ಆಗಿತ್ತು. ವೈಟ್‌ಫೀಲ್ಡ್ ಹುಟ್ಟಿದ್ದೇ ಕೃಷಿಗಾಗಿ. 1882ರಲ್ಲಿ ಡಿ. ಎಸ್. ವೈಟ್ ಎಂಬವರ ಮುಂದಾಳುತನದಲ್ಲಿ, ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ನೀಡಿದ ಭೂಮಿಯಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬಗಳು ಉಳುಮೆ ಮಾಡಿಕೊಂಡು ಬಾಳಲೆಂದು ಕಟ್ಟಿದ ನೆಲೆ ಅದು. ಎಲೆಕ್ಟ್ರಾನಿಕ್ ಸಿಟಿಯು 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಯೋಜನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ತಲೆಯೆತ್ತಿತು. ಇಂತಹ ನೆಲದ ಮೇಲೆ ಹತ್ತನೆಯ ಅಂತಸ್ತಿನಲ್ಲಿ ಬೆಳೆಯುವ ಮಗುವಿಗೆ ಮಣ್ಣಿನ ಸ್ಪರ್ಶವೇ ಇಲ್ಲವಾದರೆ ಅದು ಸಣ್ಣ ನಷ್ಟವಲ್ಲ. ಊರಿನಲ್ಲಿ ಅಜ್ಜ ಅಜ್ಜಿಯರಿಗೆ ಹೊಲವಿದೆ, ಮೊಮ್ಮಗುವಿಗೆ ಬೀಜ ಮೊಳೆಯುವುದು ಹೇಗೆಂದು ತಿಳಿಯದು ಎಂದಾದರೆ ಎರಡು ತಲೆಮಾರುಗಳ ನಡುವಿನ ಮಾತು ಕಡಿಮೆಯಾಗುತ್ತದೆ. ಆರೇಳು ಕುಂಡಗಳ ಕೈತೋಟದಿಂದ ತರಕಾರಿಯ ಖರ್ಚು ಹೆಚ್ಚೇನೂ ಉಳಿಯಲಾರದು; ಉಳಿಯುವುದು ಈ ಮಾತು.

ಮಗುವಿನ ಮಿತಿ

ಐದು ವರ್ಷದೊಳಗಿನ ಮಕ್ಕಳ ದಿನಚರಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ರೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ರೆ ಬೇಕು. ದಿನದಲ್ಲಿ ಕನಿಷ್ಠ 180 ನಿಮಿಷಗಳಷ್ಟು ಮೈ ಆಡಿಸುವ ಚಟುವಟಿಕೆ ಬೇಕು. ಒಂದೇ ಕಡೆ ಕಟ್ಟಿ ಕೂರಿಸುವುದಾದರೆ ಒಮ್ಮೆಗೆ ಒಂದು ಗಂಟೆಯನ್ನು ಮೀರಬಾರದು ಎಂಬುದು ಅದರ ಸಾರ. ಒಂದು ವರ್ಷದ ಮಗುವಿಗೆ ಮೊಬೈಲಿನ ಪರದೆಯೇ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದೂ ಅದು ಹೇಳುತ್ತದೆ.

ಪೇಟೆಗೆ ಹೊರಡುವ ತಾಯ್ತಂದೆಯರು ಈ ಒಂದು ಗಂಟೆಯ ಮಾತನ್ನು ನೆನಪಿನಲ್ಲಿಟ್ಟರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಸಿಲ್ಕ್ ಬೋರ್ಡ್ ವೃತ್ತದಲ್ಲಿಯೋ ಗೊರಗುಂಟೆಪಾಳ್ಯದಲ್ಲಿಯೋ ವಾಹನಗಳ ಸಾಲಿನಲ್ಲಿ ಸಿಲುಕಿದ ಮಗು ಹಟ ಮಾಡುತ್ತಿದೆ ಎಂದು ಗದರಿಸುವುದು ನ್ಯಾಯವಲ್ಲ. ಅದರ ಮಿತಿ ಮುಗಿದಿದೆ ಎಂದೇ ತಿಳಿಯಬೇಕು. ಬೆಳಿಗ್ಗೆ ಎಂಟರೊಳಗೆ ಹೊರಟು, ಒಂದೇ ಸ್ಥಳವನ್ನು ನೋಡಿ, ಮಧ್ಯಾಹ್ನದ ನಿದ್ರೆಯ ವೇಳೆಗೆ ಮನೆ ಸೇರುವುದು ಉತ್ತಮ ಕ್ರಮ. ಒಂದೇ ದಿನದಲ್ಲಿ ಮೂರು ಸ್ಥಳ ನೋಡುವ ಆಸೆ ಹಿರಿಯರದು, ಮಗುವಿನದಲ್ಲ. ಮಗುವಿಗೆ ಒಂದು ಅಳಿಲು ಸಾಕು.

ಹೋಗಬಹುದಾದ ಸ್ಥಳಗಳು

ನಮ್ಮ ಮೆಟ್ರೋ ಈ ಮೂರು ವಲಯಗಳ ಪಯಣವನ್ನೂ ಬಹುಮಟ್ಟಿಗೆ ಹಗುರಗೊಳಿಸಿದೆ. ಪೀಣ್ಯಕ್ಕೆ 2014ರಲ್ಲಿಯೂ, ವೈಟ್‌ಫೀಲ್ಡಿಗೆ 2023ರಲ್ಲಿಯೂ, ಎಲೆಕ್ಟ್ರಾನಿಕ್ ಸಿಟಿಯ ಮಾರ್ಗವಾಗಿ ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಲ್ಲಿಯೂ ರೈಲು ಬಂದಿತು. ಪೀಣ್ಯದವರು ಹಸಿರು ಮಾರ್ಗದಲ್ಲಿ ಎಲ್ಲಿಯೂ ಬದಲಾಯಿಸದೆ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಬಹುದು. ಎಲೆಕ್ಟ್ರಾನಿಕ್ ಸಿಟಿಯವರು ಆರ್. ವಿ. ರಸ್ತೆಯಲ್ಲಿ ರೈಲು ಬದಲಾಯಿಸಿದರೆ ಮೂರನೆಯ ನಿಲ್ದಾಣವೇ ಲಾಲ್‌ಬಾಗ್. ವೈಟ್‌ಫೀಲ್ಡಿನವರಿಗೆ ನೇರಳೆ ಮಾರ್ಗದಲ್ಲಿ ಕಬ್ಬನ್ ಉದ್ಯಾನ ನೇರವಾಗಿ ದೊರೆಯುತ್ತದೆ. ಗಾಡಿಯೊಳಗೆ ತಿಂಡಿ ತಿನ್ನಿಸುವಂತಿಲ್ಲವಾದುದರಿಂದ ಹತ್ತುವ ಮುನ್ನವೇ ಮಗುವಿಗೆ ಉಣಿಸಿರಬೇಕು.

ಲಾಲ್‌ಬಾಗ್ ಎಳೆಯ ಮಕ್ಕಳಿಗೆ ಹೇಳಿ ಮಾಡಿಸಿದ ತಾಣ. 1760ರಲ್ಲಿ ಹೈದರಾಲಿಯಿಂದ ಆರಂಭವಾದ ಈ ತೋಟ ಇಂದು ಸುಮಾರು 240 ಎಕರೆಯಷ್ಟಿದೆ. ಸುಮಾರು 300 ಕೋಟಿ ವರ್ಷ ಹಳೆಯದೆನ್ನಲಾದ ಬಂಡೆ, ಗೋಡೆಯಂತಹ ಬೇರುಗಳ ಬೂರುಗದ ಮರ, 1889ರ ಗಾಜಿನ ಮನೆ ಇವೆಲ್ಲ ಹಿರಿಯರ ಕಣ್ಣಿಗೆ. ಮಗುವಿಗೆ ಓಡಲು ಬಯಲಿದೆ. ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಮಗುವನ್ನು ಕರೆದೊಯ್ಯುವುದಾದರೆ ರಜೆಯ ದಿನದ ನೂಕುನುಗ್ಗಲನ್ನು ಬಿಟ್ಟು ವಾರದ ನಡುವಿನ ಮುಂಜಾನೆಯನ್ನು ಆರಿಸಿಕೊಳ್ಳಬೇಕು. ನಾವು ಪಲ್ಯಕ್ಕೂ ಹುಳಿಗೂ ಬಳಸುವ ಸೀಮೆಬದನೆಯನ್ನು ಬೆಂಗಳೂರಿನಲ್ಲಿ ರೂಢಿಗೆ ತಂದವರು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್. ತೆಲುಗರು ಇಂದಿಗೂ ಅದನ್ನು ಬೆಂಗಳೂರಿನ ಬದನೆ ಎಂದೇ ಕರೆಯುತ್ತಾರೆ. ಹೀಗೆ ಒಂದು ಉದ್ಯಾನದಿಂದ ಒಂದು ನಾಡಿನ ಅಡುಗೆಮನೆಗೆ ಹೊಸ ಕಾಯಿ ಬಂದಿತು. ತಿರುಗಾಟದಿಂದ ಮನೆಯ ತೋಟಕ್ಕೂ ಏನಾದರೊಂದು ಬರಲಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ನಮ್ಮ ಮನೆಗಳವರು ಹೋಗುವುದು ವಾಡಿಕೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆಯಬಹುದು; ಮುಂಜಾನೆಯೇ ಹೋದರೆ ಜನ ಕಡಿಮೆ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಡೀ ಕಡಲೆಕಾಯಿ ಬೀಜವನ್ನು ಎಳೆಯ ಮಕ್ಕಳ ಕೈಗೆ ಕೊಡಕೂಡದು. ನುರಿಯಲು ಬಾರದ ಬಾಯಿಂದ ಅದು ಉಸಿರಿನ ನಾಳಕ್ಕೆ ಜಾರಿದರೆ ಪ್ರಾಣಕ್ಕೇ ಅಪಾಯ. ಮಗುವಿಗೆ ಪುಡಿ ಮಾಡಿಯೇ ಕೊಡಬೇಕು. ಹುರಿಯದ ನಾಲ್ಕು ಬೀಜಗಳನ್ನು ತಂದು ಅಗಲವಾದ ಕುಂಡದಲ್ಲಿ ಬಿತ್ತಿದರೆ ಮೇಲೆ ಹಳದಿ ಹೂ ಬಿಟ್ಟು, ಆ ಹೂವಿನ ಬುಡದ ಎಳೆ ಮಣ್ಣಿಗಿಳಿದು ಅಲ್ಲಿ ಕಾಯಿಯಾಗುವ ಚೋದ್ಯವನ್ನು ಮಗು ಕಣ್ಣಾರೆ ಕಾಣಬಹುದು.

ಪೀಣ್ಯದವರಿಗೆ ತುಮಕೂರು ರಸ್ತೆಯಲ್ಲಿಯೇ ಸಿದ್ಧಗಂಗಾ ಕ್ಷೇತ್ರವಿದೆ. ಶಿವರಾತ್ರಿಯ ಕಾಲದ ಅಲ್ಲಿನ ಜಾತ್ರೆಯ ದನಗಳ ಸಾಲು ಮಗುವಿಗೆ ದೊಡ್ಡ ಬೆರಗು. ದಾರಿ ಒಂದು ಗಂಟೆಗಿಂತ ಹೆಚ್ಚಿನದಾದ್ದರಿಂದ ದಾಬಸ್‌ಪೇಟೆಯ ಬಳಿ ಇಳಿದು ಮಗುವನ್ನು ಹದಿನೈದು ನಿಮಿಷ ನಡೆದಾಡಿಸಿ ಮುಂದುವರಿಯುವುದು ಲೇಸು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಬನ್ನೇರುಘಟ್ಟ ಸಮೀಪ. ಅಲ್ಲಿನ ಚಿಟ್ಟೆಗಳ ಉದ್ಯಾನ 2006ರಲ್ಲಿ ಆರಂಭವಾದದ್ದು. ಮಂಗಳವಾರ ರಜೆ ಎಂಬುದನ್ನು ಮರೆಯಬಾರದು. ಹಾವೇರಿ, ಧಾರವಾಡ, ಕಲಬುರಗಿಯಂತಹ ದೂರದ ಊರುಗಳಿಗಾದರೆ ರಾತ್ರಿಯ ರೈಲೇ ಮೇಲು. ಮಗುವಿನ ನಿದ್ರೆಯ ಹೊತ್ತಿನಲ್ಲಿಯೇ ದಾರಿ ಸವೆಯುತ್ತದೆ.

ಗಿಡದ ಮಿತಿ

ಇನ್ನು ತೋಟದ ವಿಚಾರ. ತೋಟ ಹಾಕುವ ಮುನ್ನ ಯಾವ ಗಿಡ ಚೆಂದ ಎಂದು ಎಲ್ಲರೂ ಕೇಳುತ್ತಾರೆ. ನಾವು ವರ್ಷದಲ್ಲಿ ಎಷ್ಟು ಸಲ, ಎಷ್ಟು ದಿನ ಮನೆ ಬಿಟ್ಟು ಹೋಗುತ್ತೇವೆ ಎಂದು ಮೊದಲು ಕೇಳಿಕೊಳ್ಳಬೇಕು. ಉತ್ತರಕ್ಕೆ ತಕ್ಕಂತೆ ಗಿಡಗಳನ್ನು ಆರಿಸಬೇಕು.

ದೊಡ್ಡಪತ್ರೆ ಮತ್ತು ಲೋಳೆಸರಗಳು ತಮ್ಮ ದಪ್ಪ ಎಲೆಗಳಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ನೆರಳಿನಲ್ಲಿಟ್ಟರೆ ಹತ್ತು ದಿನವನ್ನು ತಾಳಬಲ್ಲವು. ದೊಡ್ಡ ಕುಂಡದಲ್ಲಿ ಬೇರು ಬಿಟ್ಟ ಕರಿಬೇವು ಕೂಡ ಸಾಕಷ್ಟು ಗಟ್ಟಿ. ಬಸಳೆ ಬಾಡಿದರೂ ನೀರು ಕಂಡೊಡನೆ ಚಿಗುರುತ್ತದೆ. ಮೆಂತ್ಯ, ಹರಿವೆ, ಕೊತ್ತಂಬರಿಗಳು ಬೇಸಿಗೆಯಲ್ಲಿ ಎರಡು ದಿನವನ್ನೂ ತಾಳಲಾರವು. ಆದರೆ ಮೆಂತ್ಯ, ಹರಿವೆಗಳ ಆಯುಷ್ಯವೇ ಒಂದು ತಿಂಗಳು. ಆದುದರಿಂದ ಅವುಗಳನ್ನು ಊರಿನಿಂದ ಮರಳಿ ಬಂದ ದಿನ ಬಿತ್ತಿ, ಮುಂದಿನ ಪಯಣದೊಳಗೆ ಕೊಯ್ದು ಮುಗಿಸಬೇಕು. ಎರಡು ಪಯಣಗಳ ನಡುವಿನ ಬೆಳೆ ಇವು. ಮೆಂತ್ಯ ಮೂರು ನಾಲ್ಕು ದಿನಗಳಲ್ಲಿ ಮೊಳೆಯುವುದರಿಂದ ಕಾಯುವ ಶಕ್ತಿ ಇನ್ನೂ ಬಾರದ ಮಗುವಿಗೂ ಅದು ಒಪ್ಪುತ್ತದೆ. ಕೊತ್ತಂಬರಿ ಹತ್ತು ಹದಿನೈದು ದಿನ ತೆಗೆದುಕೊಳ್ಳುತ್ತದೆ. ಅದನ್ನು ಮಗು ಕಲಿಯುವ ಎರಡನೆಯ ಪಾಠವಾಗಿಡಬಹುದು.

ಟೊಮ್ಯಾಟೊ, ಬೆಂಡೆಗಳ ಆಸೆಯಿರುವವರು ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಬಳಸಬಹುದು. ಹಳದಿ ನಂಜುರೋಗವನ್ನು ತಡೆಯುವ ಅರ್ಕಾ ಅನಾಮಿಕಾ ಬೆಂಡೆ ಅಲ್ಲಿಯದೇ. ಊರಿಗೆ ಹೊರಡುವ ಹಿಂದಿನ ದಿನ ಕಾಯಿಗಳನ್ನೆಲ್ಲ ಕೊಯ್ದುಬಿಡಬೇಕು. ಬಲಿತ ಕಾಯಿ ಗಿಡದಲ್ಲಿಯೇ ಉಳಿದರೆ ಹೊಸ ಹೂ ನಿಲ್ಲುತ್ತದೆ.

ಹೊರಡುವಾಗಿನ ಸಿದ್ಧತೆಯೂ ಸರಳ. ಬಿಸಿಲಿನಲ್ಲಿರುವ ಕುಂಡಗಳನ್ನು ನೆರಳಿಗೆ ತಂದು ಒಂದಕ್ಕೊಂದು ತಾಗುವಂತೆ ಗುಂಪಾಗಿ ಇಡಬೇಕು. ಮಣ್ಣು ತಳದವರೆಗೂ ನೆನೆಯುವಂತೆ ನೀರೆರೆದು, ಮೇಲೆ ಒಣಗಿದ ಎಲೆಯನ್ನೋ ತೆಂಗಿನ ನಾರನ್ನೋ ಎರಡು ಅಂಗುಲ ದಪ್ಪಕ್ಕೆ ಹರಡಬೇಕು. ಮುಚ್ಚಳವಿರುವ ಬಕೆಟ್ಟಿನಲ್ಲಿ ನೀರು ತುಂಬಿ, ಹಳೆಯ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು, ಒಂದು ತುದಿಯನ್ನು ನೀರಿನ ತಳಕ್ಕೂ ಇನ್ನೊಂದನ್ನು ಕುಂಡದ ಮಣ್ಣಿನ ಒಳಕ್ಕೂ ಇಳಿಸಿದರೆ ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆಯೇ ಅದು ನೀರನ್ನು ಹೀರಿ ಬೇರಿಗೆ ಮುಟ್ಟಿಸುತ್ತದೆ. ದೊಡ್ಡ ಕುಂಡವಾದರೆ ಸುಟ್ಟ ಮಣ್ಣಿನ ಸಣ್ಣ ಮಡಿಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚಿಡಬಹುದು. ನೀರು ನಿಧಾನವಾಗಿ ಜಿನುಗುತ್ತದೆ. ಯಾವ ವಿಧಾನವನ್ನೇ ಆಗಲಿ ಹೊರಡುವ ವಾರದ ಮೊದಲೇ ಎರಡು ದಿನ ಪರೀಕ್ಷಿಸಿ ನೋಡಬೇಕು.

ನೀರು ಮತ್ತು ಸೊಳ್ಳೆ

2024ರ ಬೇಸಿಗೆಯನ್ನು ಈ ವಲಯಗಳವರು ಮರೆತಿರಲಾರರು. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದ ದಿನಗಳವು. ಆ ಮಾರ್ಚ್ ತಿಂಗಳಿನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಅದೇ ವರ್ಷದ ಅಕ್ಟೋಬರ್ 16ರಂದು ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ನೀರು ಬಂದಿತೆಂದು ಆ ಬೇಸಿಗೆಯ ಪಾಠವನ್ನು ಮರೆಯುವುದು ತರವಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಒಂದು ಪಾತ್ರೆಯಲ್ಲಿ ಹಿಡಿದಿಟ್ಟರೆ ಏಳೆಂಟು ಕುಂಡಗಳಿಗೆ ಬಹುಪಾಲು ಅದೇ ಸಾಕಾಗುತ್ತದೆ. ಆ ನೀರನ್ನು ಪುಟ್ಟ ಚೊಂಬಿನಲ್ಲಿ ಗಿಡಕ್ಕೆರೆಯುವ ಕೆಲಸವನ್ನು ಮಗುವಿಗೇ ಒಪ್ಪಿಸಬಹುದು. ಎಷ್ಟು ನೀರಿದೆಯೋ ಅಷ್ಟೇ ತೋಟ ಎಂಬ ನಿಯಮವನ್ನು ಮನೆಯಲ್ಲಿ ಪಾಲಿಸಿದರೆ ಮಗುವಿಗೆ ನೀರಿನ ಬೆಲೆಯನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಹೊರಡುವಾಗ ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ. ಗಿಡಕ್ಕೆ ತೇವವಿರಲಿ ಎಂದು ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಿ ಊರಿಗೆ ಹೋಗುತ್ತಾರೆ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಬೇಕಾದದ್ದು ಸುಮಾರು ಎಂಟು ಹತ್ತು ದಿನ. ನಮ್ಮ ಹಬ್ಬದ ರಜೆಯೂ ಅಷ್ಟೇ! ನಾವು ಮಗುವನ್ನು ಎತ್ತಿಕೊಂಡು ಮರಳಿ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅವು ಹಾರಲು ಸಿದ್ಧವಾಗಿರುತ್ತವೆ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟವರಿಗೆ ದಂಡವನ್ನೂ ವಿಧಿಸಿದ್ದನ್ನು ನೆನೆಯಬೇಕು. ಆದುದರಿಂದ ತಟ್ಟೆಗಳನ್ನು ಉಜ್ಜಿ ತೊಳೆದು ಬೋರಲು ಹಾಕಿ ಹೋಗಬೇಕು. ಉಜ್ಜದಿದ್ದರೆ ಅಂಟಿಕೊಂಡ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತದೆ. ಬತ್ತಿಯ ಬಕೆಟ್ಟಿನ ಬಾಯಿಯನ್ನು ಬಟ್ಟೆಯಿಂದ ಬಿಗಿಯಾಗಿ ಕಟ್ಟಿರಬೇಕು. ಮರಳಿ ಬಂದೊಡನೆ ಮಗುವನ್ನು ಕೆಳಗಿಳಿಸುವ ಮೊದಲೇ ಅದನ್ನು ಬರಿದು ಮಾಡಬೇಕು. ತೆರೆದ ಬಕೆಟ್ಟಿನ ಅರೆಪಾಲು ನೀರೂ ಅಂಬೆಗಾಲಿಡುವ ಮಗುವಿಗೆ ಅಪಾಯಕರ.

ಪೂಜೆಯ ಹೂವು, ಮಗುವಿನ ಬಾಯಿ

ಶಿವಪೂಜೆಗೆ ಹೂ ಪತ್ರೆಗಳು ಮನೆಯಲ್ಲಿಯೇ ದೊರೆಯಲೆಂದು ನಮ್ಮವರು ಕಣಗಿಲೆ, ಎಕ್ಕ, ಉಮ್ಮತ್ತಿಗಳನ್ನು ಬೆಳೆಸುವುದುಂಟು. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ. ಹಳದಿ ಕಣಗಿಲೆಯ ಕಾಯಿಯಂತೂ ಹೃದಯವನ್ನೇ ನಿಲ್ಲಿಸಬಲ್ಲದು. ಉಮ್ಮತ್ತಿಯ ಬೀಜ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಕೇಡು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವಿರುವಷ್ಟು ಕಾಲ ಈ ಗಿಡಗಳು ಆ ಮನೆಯಲ್ಲಿ ಇರಕೂಡದು. ಇವುಗಳಿಗೆ ಬದಲಾಗಿ ತುಂಬೆ, ದಾಸವಾಳ, ಮಲ್ಲಿಗೆಗಳನ್ನು ಬೆಳೆಸಬಹುದು. ಶಿವನಿಗೆ ಪ್ರಿಯವೆಂದು ಹಿರಿಯರು ಹೇಳುವ ತುಂಬೆಯು ಅಂಗೈಯಗಲದ ಮಣ್ಣಿನಲ್ಲಿಯೂ ಬೆಳೆಯುತ್ತದೆ. ಮಗು ಒಂದು ವೇಳೆ ವಿಷದ ಗಿಡವನ್ನು ಜಗಿದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ, ವಾಂತಿ ಮಾಡಿಸಲು ಯತ್ನಿಸದೆ, ಆ ಗಿಡದ ಒಂದು ತುಂಡನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಧಾವಿಸಬೇಕು.

ಬಾಲ್ಕನಿಯ ಕಂಬಿಯ ಪಕ್ಕದಲ್ಲಿ ಎತ್ತರದ ಕುಂಡವನ್ನಾಗಲಿ, ಮೆಟ್ಟಿಲಿನಂತಹ ಸ್ಟ್ಯಾಂಡನ್ನಾಗಲಿ ಇಡಬಾರದು. ಮಗು ಅದನ್ನು ಏಣಿಯಾಗಿ ಕಾಣುತ್ತದೆ. ಕುಂಡಗಳೆಲ್ಲ ಗೋಡೆಯ ಬದಿಗೇ ಇರಲಿ.

ಊರಿನ ಬೀಜ, ನೆರೆಯವರ ಕೈ

ಊರಿನಿಂದ ಮರಳುವಾಗ ರೊಟ್ಟಿ, ಚಟ್ನಿಪುಡಿಗಳ ಗಂಟಿನೊಡನೆ ಒಂದು ಹಿಡಿ ಅವರೆ ಬೀಜವನ್ನೋ ಹೀರೆಯ ಬೀಜವನ್ನೋ ಅಜ್ಜಿಯ ಕೈಯಿಂದಲೇ ಮಗುವಿನ ಕೈಗೆ ಕೊಡಿಸಿ ತರಬೇಕು. ಬಿತ್ತಿದ ಮೇಲೆ ಪ್ರತಿ ವಾರ ದೂರವಾಣಿಯಲ್ಲಿ "ನಿಮ್ಮ ಬಳ್ಳಿ ಎಷ್ಟು ಉದ್ದ ಬಂತು?" ಎಂದು ಅಜ್ಜಿ ಕೇಳಲು, ಮಗು ತನ್ನ ತೊದಲು ನುಡಿಯಲ್ಲಿ ಹೇಳಲು ಒಂದು ವಿಷಯವಾಗುತ್ತದೆ. ದೂರದಲ್ಲಿರುವ ಹಿರಿಯರಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನವನ್ನು ನಾವು ಕೊಡಲಾರೆವು.

ಹತ್ತು ದಿನಕ್ಕೂ ಮೀರಿದ ಪಯಣವಾದರೆ ಯಾವ ಬತ್ತಿಯೂ ಮಡಿಕೆಯೂ ಸಾಲದು. ಬೇಕಾದದ್ದು ನೆರೆಯವರ ಕೈ. ಎದುರು ಮನೆಯವರ ಭಾಷೆ ಬೇರೆಯಾಗಿರಬಹುದು, ಅವರ ಪರಿಚಯ ಲಿಫ್ಟಿನ ಮುಗುಳ್ನಗೆಗೆ ಸೀಮಿತವಾಗಿರಬಹುದು. ಒಂದು ಕಟ್ಟು ಮೆಂತ್ಯಸೊಪ್ಪನ್ನು ಮಗುವಿನ ಕೈಯಲ್ಲಿ ಕೊಟ್ಟು ಅವರ ಬಾಗಿಲಿಗೆ ಕಳುಹಿಸಿ ನೋಡಿ. ಮುಂದಿನ ಸಲ ನಿಮ್ಮ ಗಿಡಗಳಿಗೆ ಅವರು ನೀರೆರೆಯುತ್ತಾರೆ, ಅವರು ಊರಿಗೆ ಹೋದಾಗ ಅವರ ತುಳಸಿಗೆ ನೀವು ನೀರೆರೆಯುತ್ತೀರಿ. ಗೋಡೆಗೆ ಗೋಡೆ ತಾಗಿದ್ದೂ ಅಪರಿಚಿತರಾಗಿ ಬಾಳುವ ಈ ಬಡಾವಣೆಗಳಲ್ಲಿ ಕಷ್ಟಕಾಲಕ್ಕೆ ಮಗುವನ್ನು ಗಳಿಗೆ ಹೊತ್ತು ನೋಡಿಕೊಳ್ಳಲು ಒಂದು ಮನೆ ಹೀಗೆಯೇ ದೊರೆಯುತ್ತದೆ.

ಪೀಣ್ಯದ ಸೋದರಿಗೆ ನಮ್ಮ ಸಲಹೆ ಇಷ್ಟು: ಬರುವ ರಜೆಯಂದು ಒಂದೇ ಸ್ಥಳಕ್ಕೆ ಹೋಗಿ, ಊಟದ ಹೊತ್ತಿಗೆ ಮರಳಿ ಬನ್ನಿ. ಆ ಸಂಜೆಯೇ ಒಂದು ಕುಂಡದಲ್ಲಿ ಮಗುವಿನ ಕೈಯಿಂದ ಮೆಂತ್ಯ ಹಾಕಿಸಿ. ಉಳಿದ ಕುಂಡಗಳಲ್ಲಿ ಹತ್ತು ದಿನ ತಾಳುವ ಗಿಡಗಳನ್ನೇ ನೆಡಿ. ಮಗುವಿನ ಮಿತಿ ವರ್ಷ ವರ್ಷಕ್ಕೆ ಹಿಗ್ಗುತ್ತದೆ. ಅದರೊಡನೆ ಪಯಣವೂ ತೋಟವೂ ತಾವಾಗಿಯೇ ದೊಡ್ಡದಾಗುತ್ತವೆ. ಅಲ್ಲಿಯವರೆಗೆ ಆತುರ ಬೇಡ.

ಓದುಗರು ತಮ್ಮ ಅನುಭವಗಳನ್ನು ಬರೆದು ತಿಳಿಸಿದರೆ ಇತರ ಮನೆಗಳಿಗೂ ಉಪಕಾರವಾದೀತು.